ಹಾಯಿಯ ಹೊಟ್ಟೆ

ಉಪ್ಪು ತರುವ ಲಾರಿಯೊಂದು ಒಂದು ಮಧ್ಯಾಹ್ನ ಶಿವಮೊಗ್ಗೆಯ ನಮ್ಮ ಅಂಗಡಿಯ ಮುಂದೆ ನಿಂತು, ಬಟ್ಟೆಯ ಎರಡು ದೊಡ್ಡ ಗಂಟುಗಳನ್ನೂ ಒಬ್ಬ ಮನುಷ್ಯನನ್ನೂ ಇಳಿಸಿತು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಲಾರಿಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಘಟ್ಟ ಹತ್ತಿ ಬಂದವರ ಮುಖದ ಮೇಲೆ ಮಸಿಯೇ ಮಸಿ. ಬಂದವರು ಮೊದಲು ಮುಖ ತೊಳೆಯಲು ನೀರು ಕೇಳಿದರು. ಆಮೇಲೆ ಮಾತು.

"ಈ ಲಾರಿಯ ಟಾರ್ಪಾಲು ಹೊಲ್ದದ್ದು ನೀವೇ ಅಲ್ದಾ ಸಾಹೇಬ್ರೆ?"

"ಹೌದು. ಏನಾಯ್ತು, ಸೋರುತ್ತಾ?"

"ಸೋರೂದಿಲ್ಲ. ಅದಕ್ಕೇ ಬಂದೆ. ನಂಗೊಂದು ಶೀಡ ಹೊಲ್ದು ಕೊಡ್ಬೇಕು."

ಶೀಡ ಎಂದರೆ ಹಾಯಿ ಎಂದು ಅವರೇ ಬಿಡಿಸಿ ಹೇಳಬೇಕಾಯಿತು. ಅವರು ಭಟ್ಕಳದ ಕಡೆಯ ತಾಂಡೇಲರು. ಸರಕು ಸಾಗಿಸುವ ಹಾಯಿಹಡಗನ್ನು ನಡೆಸುವವರಿಗೆ ಆ ಕಡೆ ಹಾಗೆನ್ನುತ್ತಾರೆ. ಗಂಟುಗಳಲ್ಲಿ ಒಂದು ಹೊಸ ಬಟ್ಟೆಯದು, ಮಗ್ಗದಲ್ಲಿ ನೇಯ್ದ ದಪ್ಪ ಹತ್ತಿಯದು. ಇನ್ನೊಂದನ್ನು ಬಿಚ್ಚಿದಾಗ ಒಣಮೀನು, ಉಪ್ಪು, ಮೀನೆಣ್ಣೆ ಎಲ್ಲದರ ವಾಸನೆ ಒಟ್ಟಿಗೆ ಅಂಗಡಿ ತುಂಬಿತು. ಅದು ಅವರ ಹಳೆಯ ಹಾಯಿ. ನಡುವೆ ಒಂದು ಆಳುದ್ದಕ್ಕೂ ಹೆಚ್ಚು ಹರಿದಿತ್ತು.

"ನಾನು ಸಮುದ್ರವನ್ನೇ ನೋಡಿಲ್ಲ ತಾಂಡೇಲ್ರೆ. ತುಂಗೆ ದಾಟೋ ತೆಪ್ಪ ಬಿಟ್ರೆ ನನಗೆ ಬೇರೇನೂ ಗೊತ್ತಿಲ್ಲ."

"ಸಮುದ್ರ ನಾ ನೋಡಿದ್ದೆ, ಅಷ್ಟು ಸಾಕು," ಎಂದರು ಅವರು. "ನೀರು ಬಿಡದ ಹೊಲಿಗೆ ಗಾಳಿನೂ ಬಿಡೂದಿಲ್ಲ."

ಕರಾವಳಿಯಲ್ಲಿ ಹಾಯಿ ಹೊಲಿಯುವವರು ಇಲ್ಲವೆಂದಲ್ಲ. ಯುದ್ಧಕ್ಕೆಂದು ಸ್ಟೀಮರುಗಳು ಹೋದ ಮೇಲೆ, ಮೂಲೆ ಸೇರಿದ್ದ ಹಳೆಯ ಮರದ ಹಡಗುಗಳೆಲ್ಲ ಮತ್ತೆ ನೀರಿಗಿಳಿದಿದ್ದವು. ಹೊಲಿಯುವವರ ಕೈಯಲ್ಲಿ ಮಳೆಗಾಲ ಕಳೆದರೂ ಮುಗಿಯದಷ್ಟು ಕೆಲಸ. ತಾಂಡೇಲರ ಹಡಗಿಗೆ ಹೊಲಿಯುತ್ತಿದ್ದವರು ಅವರ ಮಾವ, ಹೆಂಡತಿಯ ತಂದೆ. ಅವರು ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ರಂಗೂನಿನ ಅಕ್ಕಿ ನಿಂತುಹೋಗಿದ್ದ ವರ್ಷಗಳವು. ಮಳೆ ಹಿಡಿದು ಬಂದರು ಮುಚ್ಚುವ ಮೊದಲು ಮಂಗಳೂರಿಗೆ ಹೋಗಿ ಅಕ್ಕಿ ತುಂಬಿಕೊಂಡು ಬರಬೇಕು. ಬರದಿದ್ದರೆ ಅವರ ಊರಿನವರು ಮಳೆಗಾಲವನ್ನು ಗೆಣಸಿನಲ್ಲಿ ಕಳೆಯಬೇಕು. ಹಡಗಿತ್ತು, ಆಳುಗಳಿದ್ದರು. ಹಾಯಿ ಇರಲಿಲ್ಲ.

ನಮ್ಮ ಅಂಗಡಿಯಲ್ಲಿ ಹೊಲಿಯುವವರು ಇಬ್ಬರು, ನಾನು ಮತ್ತು ನಮ್ಮ ಆಪಾ, ಅಂದರೆ ಅಕ್ಕ. ಗಂಡ ತೀರಿಕೊಂಡ ಮೇಲೆ ಅವಳು ನಮ್ಮಲ್ಲೇ ಇದ್ದಳು. ಪರದೆಯ ಹಿಂದಿನ ಕೋಣೆಯಲ್ಲಿ ಕೂತು ಹೊಲಿಯುತ್ತಿದ್ದಳು. ಲಾರಿಯ ಟಾರ್ಪಾಲು, ಮದುವೆಯ ಚಪ್ಪರದ ಬಟ್ಟೆ, ಡೇರೆ, ಇವಿಷ್ಟು ನಮ್ಮ ಕೆಲಸ. ಅವಳನ್ನು ಕೇಳದೆ ನಾನು ಏನನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಮನೆಮಾತು ದಖನಿ, ಅವಳಂದದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅಕ್ಕಿಗೆ ಅಂತಿದಾರೆ. ಇಲ್ಲ ಅನ್ನೋಕಾಗುತ್ತಾ?" ಎಂದಳು.

ತಾಂಡೇಲರು ಸೀಮೆಸುಣ್ಣದಲ್ಲಿ ಅಂಗಡಿಯ ನೆಲದ ಮೇಲೆ ಹಡಗು ಬರೆದರು. ಮುಂದಕ್ಕೆ ವಾಲಿದ ದೊಡ್ಡ ಕಂಬ. ಅದಕ್ಕೆ ಓರೆಯಾಗಿ ನೇತುಬಿದ್ದ, ಹೆಚ್ಚುಕಡಿಮೆ ಹಡಗಿನಷ್ಟೇ ಉದ್ದದ ಅಡ್ಡಮರ. ಆ ಅಡ್ಡಮರಕ್ಕೆ ಕಟ್ಟುವುದು ದೊಡ್ಡ ಶೀಡ. ಹಿಂದಿನ ಸಣ್ಣ ಕಂಬದ್ದು ಕಲ್ಮಿ. ಮೂತಿಯಿಂದ ಚಾಚಿದ ಕೋಲಿಗೆ ಕಟ್ಟುವ ಪುಟ್ಟ ಮುಕ್ಕೋನ ಜೀಬು. ನಾವು ಹೊಲಿಯಬೇಕಾದದ್ದು ದೊಡ್ಡ ಶೀಡ. ಅದರ ಆಕಾರ ಮುಕ್ಕೋನವೇ, ಆದರೆ ಮುಂದಿನ ಚೂಪು ಮೂಲೆ ಕತ್ತರಿಸಿದ್ದರಿಂದ ಅಂಚುಗಳು ನಾಲ್ಕಾಗಿದ್ದವು: ಅಡ್ಡಮರಕ್ಕೆ ಸೇರುವ ಉದ್ದದ ಮೇಲಂಚು, ಗಾಳಿಯನ್ನು ಸೀಳುವ ಗಿಡ್ಡ ಮುಂದಂಚು, ಕೆಳಗಿನದು, ಹಿಂದಿನದು.

"ಒಂದರ ಮೇಲೊಂದು ಚೌಕ ಶೀಡ ಕಟ್ಟೂ ಇಂಗ್ಲಿಷರ ಹಡಗು ನಾ ಸಣ್ಣಿರ್ವಾಗ ಬೊಂಬಾಯಿಯಲ್ಲಿ ನೋಡಿದ್ದೆ," ಎಂದರು. "ಒಂದೊಂದಕ್ಕೂ ಬೇರೆ ಬೇರೆ ಹೆಸರು. ಆದ್ರೆ ಅದಕ್ಕೆ ಗಾಳಿ ಬೆನ್ನ ಹಿಂದೆ ಬೇಕು. ನಮ್ದು ಹಂಗಲ್ಲ. ಗಾಳಿ ಪಕ್ಕಕ್ಕಿದ್ರೂ ಹೋಗ್ತದೆ, ಸ್ವಲ್ಪ ಎದುರಿಗಿದ್ರೂ ಹೋಗ್ತದೆ."

"ಎದುರು ಗಾಳಿಗೆ ಮುಂದೆ ಹೆಂಗೆ ಹೋಗುತ್ತೆ?"

"ಅದು ಕೇಳ್ಬೇಡಿ. ಹೋಗ್ತದೆ."

ಹಾಯಿಯನ್ನು ಹರಡಲು ಅಂಗಡಿ ಸಾಲದು, ನಮ್ಮ ಬೀದಿಯೂ ಸಾಲದು. ಹೊಳಲೂರಿನ ಗೌಡರೊಬ್ಬರ ಮನೆ ಮದುವೆಗೆ ನಮ್ಮ ಚಪ್ಪರವೇ ಹೋಗಿತ್ತು. ಅವರನ್ನು ಕೇಳಿದೆ. ಸುಗ್ಗಿ ಮುಗಿದು ಕಣ ಖಾಲಿ ಬಿದ್ದಿತ್ತು. "ಹಾಸ್ಕೊಳ್ಳಿ ಮಾರಾಯ್ರೆ, ದನ ನುಗ್ಗದಂಗೆ ನೋಡ್ಕೊಳ್ಳಿ ಅಷ್ಟೇ," ಎಂದರು. ಸಾರಿಸಿ ಗಟ್ಟಿಯಾದ ನೆಲ, ಪಕ್ಕದಲ್ಲಿ ಎರಡು ಹಳೆಯ ಹುಣಸೆ ಮರ, ಅದರಾಚೆ ಹೊಳೆ. ಸಂಜೆಗೆ ಮೊದಲು ಅಲ್ಲಿ ಪಶ್ಚಿಮದ ಗಾಳಿ ಏಳುತ್ತಿತ್ತು.

ಹಳೆಯ ಹಾಯಿಯನ್ನು ಹರಡಿ, ಅಂಚಿನ ಸುತ್ತ ಗೂಟ ಹೊಡೆದು ದಾರ ಕಟ್ಟಬೇಕು, ಅದೇ ಅಳತೆಗೆ ಹೊಸದನ್ನು ಕತ್ತರಿಸಬೇಕು ಎಂಬುದು ನನ್ನ ಲೆಕ್ಕ. ಆದರೆ ಅದು ನೆಲಕ್ಕೆ ಕೂರಲೇ ಇಲ್ಲ. ಅಂಚುಗಳನ್ನು ಗೂಟಕ್ಕೆಳೆದರೆ ನಡುವಿನ ಬಟ್ಟೆ ಸುಕ್ಕುಗಟ್ಟಿ ಮೇಲೆದ್ದು ನಿಲ್ಲುತ್ತಿತ್ತು. ಕಾಲಿನಲ್ಲಿ ಒತ್ತಿದರೆ ಆ ಉಬ್ಬು ಇನ್ನೊಂದು ಕಡೆಗೆ ಸರಿಯುತ್ತಿತ್ತು.

"ಇದು ಹಳೇದಾಗಿ ಜಗ್ಗಿದ್ದಾ, ಮೊದಲಿಂದಲೂ ಹೀಗೇ ಇತ್ತಾ?" ಎಂದು ಕೇಳಿದೆ.

ತಾಂಡೇಲರು ಬಹಳ ಹೊತ್ತು ನೋಡಿದರು. "ಹೊಸದಿದ್ದಾಗ ನಾ ನೋಡಿದ್ದು ಕಂಬದ ಮೇಲೆ. ನೆಲದ ಮೇಲೆ ನೋಡ್ಲಿಲ್ಲ."

ನಮ್ಮ ಕಸುಬಿನಲ್ಲಿ ಜಗ್ಗುವಿಕೆ ಎಂದರೆ ಕೆಟ್ಟದ್ದು. ಟಾರ್ಪಾಲಿನ ನಡುವೆ ಒಂದು ಬೊಗಸೆಯಷ್ಟು ತಗ್ಗಿದ್ದರೂ ಅಲ್ಲಿ ನೀರು ನಿಲ್ಲುತ್ತದೆ, ಹೊಲಿಗೆ ಕೊಳೆಯುತ್ತದೆ. ಬಟ್ಟೆಯಿಂದ ಹೊಟ್ಟೆ ತೆಗೆಯುವುದೇ ನಮ್ಮ ಕೆಲಸ. ಗಾಳಿಯ ಎಳೆತಕ್ಕೆ ವರ್ಷಗಟ್ಟಲೆ ಸಿಕ್ಕು ಇದು ಹೀಗಾಗಿದೆ ಎಂದು ನನಗನಿಸಿತು, ತಾಂಡೇಲರಿಗೂ ಅದು ಸರಿಯೆನಿಸಿತು. ಉಬ್ಬನ್ನು ಲೆಕ್ಕಕ್ಕೆ ಹಿಡಿಯದೆ ದಾರದ ಅಳತೆಗೆ ಪಟ್ಟಿಗಳನ್ನು ಕತ್ತರಿಸಿದೆ. ಹಿಂದಿನ ಅಂಚಿಗೆ ಸಮನಾಗಿ, ಒಂದರ ಪಕ್ಕ ಒಂದು, ಮೇಲಿಂದ ಕೆಳಗೆ.

ಪಟ್ಟಿಗಳನ್ನು ಜೋಡಿಸಿದವಳು ಹೆಚ್ಚಾಗಿ ಆಪಾ. ಮೇಣ ಉಜ್ಜಿದ ಹುರಿ, ದಬ್ಬಳ, ಅಂಗೈಗೆ ತೊಗಲಿನ ಪಟ್ಟಿ. ಒಂದು ಪಟ್ಟಿಯ ಅಂಚು ಇನ್ನೊಂದರ ಮೇಲೆ ಎರಡು ಬೆರಳಷ್ಟು ಬರುವಂತೆ ಇಟ್ಟು, ಎರಡೂ ಬದಿಗೆ ಕೈಹೊಲಿಗೆ. ಯಂತ್ರದ ಸೂಜಿ ಆ ಬಟ್ಟೆಗೆ ಮುರಿಯುತ್ತಿತ್ತು.

ಅವಳು ಹೊಲಿಯುತ್ತಿದ್ದಾಗ ನಾನೂ ತಾಂಡೇಲರೂ ಭದ್ರಾವತಿಗೆ ಹೋದೆವು. ಹಾಯಿಯ ಮೂಲೆಗಳಲ್ಲಿ ಹಗ್ಗ ಪೋಣಿಸಲು ಬಳೆಗಳು ಬೇಕು. ಹಿತ್ತಾಳೆ ಕೈಗೆಟಕುವ ಕಾಲವಲ್ಲ. ಕಬ್ಬಿಣವಾದರೆ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಬಟ್ಟೆಯನ್ನೇ ತಿನ್ನುತ್ತದೆ ಎಂದು ತಾಂಡೇಲರ ಭಯ. ನ್ಯೂ ಟೌನಿನ ಅಂಚಿನಲ್ಲಿ ಕೊಲಿಮೆ ಇಟ್ಟುಕೊಂಡಿದ್ದ ತಮಿಳು ಆಚಾರಿ ನಮ್ಮ ಡೇರೆಗಳಿಗೆ ಗೂಟ ಬಡಿದು ಕೊಡುತ್ತಿದ್ದರು. ಅವರು ತುಕ್ಕಿನ ಮಾತಿಗೆ ನಕ್ಕರು.

"ಇಲ್ಲಿ ಕಾರ್ಖಾನೇಲಿ ಮರ ಸುಟ್ಟು ಇದ್ದಿಲು ಮಾಡ್ತಾರಲ್ಲ, ಅದ್ರಲ್ಲಿ ಡಾಂಬರು ಇಳಿಯುತ್ತೆ ಸಾಮಿ. ಬಳೆ ಕೆಂಪಗೆ ಕಾದಿರೋವಾಗ ಅದಕ್ಕೆ ಅದ್ದಿಬಿಟ್ರೆ ಎಷ್ಟೋ ವರ್ಷ ಏನೂ ಆಗಲ್ಲ."

ಅದ್ದಿ ತೋರಿಸಿದರು. ಹೊಗೆ ಇಳಿದ ಮೇಲೆ ಬಳೆ ಕಪ್ಪಗೆ ಗಾಜಿನಂತೆ ಹೊಳೆಯಿತು. ತಾಂಡೇಲರು ಅದನ್ನು ಮೂಸಿ ನೋಡಿ, ಮಿಕ್ಕ ಡಾಂಬರನ್ನು ಹಡಗಿನ ತಳಕ್ಕೆ ಒಂದು ಡಬ್ಬಿ ತುಂಬಿಸಿಕೊಂಡರು. ಅಂಚಿನ ಹಗ್ಗದ ಕೆಲಸ ಅವರದೇ. ಹೊಸ ನಾರಿನ ಹಗ್ಗಕ್ಕೆ ಕಲ್ಲು ಕಟ್ಟಿ ಹುಣಸೆ ಮರಕ್ಕೆ ನೇತುಹಾಕಿ, ದಿನವೂ ನೀರು ಹನಿಸಿ, ಅದು ಇನ್ನು ಹಿಗ್ಗುವುದಿಲ್ಲ ಎನ್ನುವ ತನಕ ಬಿಟ್ಟರು. ಹಾಯಿಯಲ್ಲಿ ಎಳೆತ ತಡೆಯುವುದು ಹಗ್ಗ, ಗಾಳಿ ಹಿಡಿಯುವುದಷ್ಟೇ ಬಟ್ಟೆಯ ಕೆಲಸ ಎಂದು ನನಗೆ ತಿಳಿದದ್ದು ಆಗ.

ಹಗ್ಗ ಹೊಲಿದಾದ ಮೇಲೆ ಬಿದಿರುಗಳನ್ನು ಜೋಡಿಸಿ ಅಡ್ಡಮರ ಮಾಡಿ, ಹಾಯಿ ಕಟ್ಟಿ, ಗೌಡರ ಆಳುಗಳ ಸಹಾಯದಿಂದ ಹುಣಸೆ ಮರಕ್ಕೆ ಓರೆಯಾಗಿ ಏರಿಸಿದೆವು. ಗಾಳಿ ಬಂತು. ಹಾಯಿ ಹಲಗೆಯಂತೆ ಬಿಗಿಯಿತು. ಒಂದು ಸುಕ್ಕಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅಷ್ಟರಲ್ಲಿ ಹಿಂದಿನ ಅಂಚು ಪಟಪಟ ಬಡಿದುಕೊಳ್ಳಲು ತೊಡಗಿತು. ತಾಂಡೇಲರು ಹಿಂದಿನ ಮೂಲೆಯ ಹಗ್ಗವನ್ನು ಎಳೆದರು, ಸಡಿಲಿಸಿದರು, ಮತ್ತೆ ಎಳೆದರು. ಸದ್ದು ಹೆಚ್ಚಾಯಿತೇ ಹೊರತು ಗಾಳಿ ಹಾಯಿಯಲ್ಲಿ ನಿಲ್ಲಲಿಲ್ಲ. ಮೈ ಸವರಿಕೊಂಡು ಜಾರಿಹೋಯಿತು.

ಅವರು ಹಗ್ಗ ಕೆಳಗೆ ಬಿಟ್ಟರು. "ಇದು ಶೀಡ ಅಲ್ಲ ಸಾಹೇಬ್ರೆ. ಚಪ್ಪರ."

ಹಳೆಯದರಲ್ಲಿದ್ದ ಉಬ್ಬು ಜಗ್ಗಿ ಬಂದದ್ದಲ್ಲ, ಹೊಲಿದವರು ಬೇಕೆಂದೇ ಇಟ್ಟದ್ದು ಎಂಬುದು ಇಬ್ಬರಿಗೂ ಗೊತ್ತಾಗಿತ್ತು. ಚಪ್ಪಟೆ ಪಟ್ಟಿಗಳಿಂದ ಆ ಹೊಟ್ಟೆಯನ್ನು ತಂದದ್ದು ಹೇಗೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಹೊರಗಿಂದ ಎಷ್ಟು ಮುಟ್ಟಿ ನೋಡಿದರೂ ತಿಳಿಯುವಂತಿರಲಿಲ್ಲ. ಹೊಲಿಗೆಯ ಮೇಲೆ ಮೀನೆಣ್ಣೆ, ತೇಪೆಯ ಮೇಲೆ ತೇಪೆ.

ಮಾರನೆಯ ದಿನ ಉಪ್ಪಿನ ಲಾರಿಯ ಡ್ರೈವರ್ ಬಂದು, ಕರಾವಳಿಯಲ್ಲಿ ದಕ್ಷಿಣದ ಗಾಳಿ ಶುರುವಾಗಿದೆ, ಕೆಲವರು ಆಗಲೇ ದೋಣಿಗಳನ್ನು ದಡಕ್ಕೆ ಎಳೆಯುತ್ತಿದ್ದಾರೆ ಎಂದ. ತಾಂಡೇಲರು ಹಳೆಯ ಹಾಯಿಯನ್ನು ನನ್ನ ಮುಂದೆ ಇಟ್ಟರು.

"ಇದಕ್ಕೇ ಒಂದು ತೇಪೆ ಹಾಕಿ ಕೊಡಿ. ಮಂಗಳೂರಿಗೆ ಹೋಗಿ ಬರೂಕೆ ಆದ್ರೆ ಸಾಕು. ನಿಮ್ಮ ತಪ್ಪಿಲ್ಲ, ನಂದೂ ಇಲ್ಲ."

ನನಗೆ ಅದೇ ಸುಲಭದ ದಾರಿ. ತೇಪೆ ಹಾಕುವುದು ನನಗೆ ಗೊತ್ತಿದ್ದ ಕೆಲಸ. ಹರಿದ ಜಾಗದ ಪಕ್ಕವನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಎಳೆದೆ. ಎಳೆ ಬಿಟ್ಟಿತು. ಇನ್ನೊಂದು ಗೇಣು ಆಚೆ ಹಿಡಿದೆ, ಅಲ್ಲೂ ಬಿಟ್ಟಿತು. ಮೇಲಂಚಿನ ಉದ್ದಕ್ಕೂ ಬಟ್ಟೆ ಹಾಗೇ ಆಗಿತ್ತು. ಗಟ್ಟಿ ತೇಪೆ ಹಾಕಿದರೆ ಅದರ ಅಂಚಿಗೇ ಮತ್ತೆ ಹರಿಯುತ್ತದೆ, ಅದೂ ಸಮುದ್ರದ ನಡುವೆ.

"ತೇಪೆ ಹಾಕಲ್ಲ ತಾಂಡೇಲ್ರೆ," ಎಂದೆ. "ಇದನ್ನ ಬಿಚ್ಚಬೇಕು. ಒಂದೊಂದು ಪಟ್ಟಿನೂ ಬೇರೆ ಮಾಡಿ ನೋಡಿದ್ರೆ ಹೆಂಗೆ ಹೊಲ್ದಿದಾರೆ ಅಂತ ಗೊತ್ತಾಗುತ್ತೆ."

"ಬಿಚ್ಚಿದ್ಮೇಲೂ ಗೊತ್ತಾಗ್ದಿದ್ರೆ?"

"ಆಗ ಎರಡೂ ಇರಲ್ಲ."

ಅವರು ಎದ್ದು ಹೊಳೆಯ ಕಡೆ ಹೋಗಿ ಮರಳಿನ ಮೇಲೆ ಕೂತರು. ಬಿಸಿಲೇರಿದರೂ ಬರಲಿಲ್ಲ. ನಾನು ನೆರಳಲ್ಲಿ ಕೂತು ದಬ್ಬಳಗಳನ್ನು ಮಸೆಯುತ್ತಿದ್ದೆ. ಒಪ್ಪದಿದ್ದರೆ ತೇಪೆಯನ್ನೂ ಹಾಕದೆ ವಾಪಸ್ಸು ಕಳಿಸುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಅದು ಸರಿಯೋ ತಪ್ಪೋ ಎಂದು ಈಗಲೂ ನಿಶ್ಚಯವಾಗಿ ಹೇಳಲಾರೆ. ಊಟದ ಹೊತ್ತಿಗೆ ಅವರು ಬಂದು ಕೈ ಚಾಚಿದರು.

"ಚೂರಿ ಕೊಡಿ. ಇದು ನನ್ನ ಮಾವನ ಕೈಹೊಲಿಗೆ. ಬಿಚ್ಚೂದಾದ್ರೆ ನಾನೇ ಬಿಚ್ತೆ."

ಹುರಿ ಉಪ್ಪು ಕುಡಿದು ತಂತಿಯಂತಾಗಿತ್ತು. ಅವರು ಅವಸರ ಮಾಡಲಿಲ್ಲ. ಒಂದೊಂದೇ ಹೊಲಿಗೆಯನ್ನು ಚೂರಿಯ ತುದಿಯಿಂದ ಎತ್ತಿ, ಕುಯ್ದು, ಹುರಿಯ ತುಂಡನ್ನು ಪಕ್ಕಕ್ಕೆ ಇಡುತ್ತಾ ಹೋದರು. ಮೊದಲ ಪಟ್ಟಿ ಬಿಡಿಸಿಕೊಂಡಾಗ ನಾನು ಅದನ್ನು ನೆಲಕ್ಕೆ ಹಾಸಿದೆ. ಪಕ್ಕದ ಪಟ್ಟಿಯ ಅಡಿಯಲ್ಲಿದ್ದ ಬಟ್ಟೆ ಬಿಸಿಲು ಕಾಣದೆ ಬೆಳ್ಳಗೇ ಉಳಿದಿತ್ತು. ಆ ಬಿಳಿ ಗೆರೆ ಮೇಲಿನ ತುದಿಯಲ್ಲಿ ನಾಲ್ಕು ಬೆರಳು ಅಗಲ. ನಡುವೆ ಬರುತ್ತಾ ಒಂದೂವರೆ ಬೆರಳು. ಕೆಳಗಿನ ತುದಿಗೆ ಮತ್ತೆ ಅಗಲ.

ಆ ಪಟ್ಟಿಯನ್ನು ಸುತ್ತಿಕೊಂಡು ಶಿವಮೊಗ್ಗೆಗೆ ಬಂದು ಆಪಾಳ ಮುಂದೆ ಹಾಸಿದೆ. ಅವಳು ಬಿಳಿ ಗೆರೆಯ ಮೇಲೆ ಬೆರಳಾಡಿಸಿದಳು.

"ಇದು ಟೋಪಿ ಹೊಲಿಯೋ ಲೆಕ್ಕ ಕಣೋ. ತುದಿಗಳಲ್ಲಿ ಜಾಸ್ತಿ ಹಿಡಿದ್ರೆ ನಡುವೆ ತಾನೇ ಗುಂಡಗಾಗುತ್ತೆ. ಎಷ್ಟು ಗುಂಡಗೆ ಅನ್ನೋದು ನನಗೆ ಗೊತ್ತಿಲ್ಲ. ಎಲ್ಲಾ ಪಟ್ಟಿನೂ ನೋಡ್ಬೇಕು."

ಹಾಗಾಗಿ ಅವಳೂ ಹೊಳಲೂರಿಗೆ ಬಂದಳು. ಮನೆಯ ಹೊರಗೆ ಕೂತು ಹೊಲಿದವಳಲ್ಲ. ಗೌಡತಿ ಕಣದ ಮೂಲೆಯಲ್ಲಿ ಸೀರೆ ಕಟ್ಟಿ ಮರೆ ಮಾಡಿಕೊಟ್ಟರು. ಹಾಯಿ ಆ ಮರೆಯೊಳಗೆ ಹಿಡಿಸುವುದಿಲ್ಲವೆಂದು ಗೊತ್ತಾದ ಮೇಲೆ ಆಪಾ ತಾನೇ ಸೆರಗು ಬಿಗಿದುಕೊಂಡು ಹಾಯಿಯ ನಡುವೆ ಬಂದು ಕೂತಳು. ಬಿಚ್ಚಿದ ಪ್ರತಿ ಪಟ್ಟಿಯನ್ನೂ ಕ್ರಮವಾಗಿ ಹಾಸಿ ನೋಡಿದೆವು. ಎಲ್ಲದರಲ್ಲೂ ಒಂದೇ ಲೆಕ್ಕವಿರಲಿಲ್ಲ. ಮುಂದಂಚಿನ ಕಡೆಯವುಗಳಿಗೆ ಹೊಟ್ಟೆ ಹೆಚ್ಚು, ಹಿಂದೆ ಹೋಗುತ್ತಾ ಕಡಿಮೆ, ಕೊನೆಯ ಎರಡು ಪಟ್ಟಿ ಹೆಚ್ಚುಕಡಿಮೆ ಚಪ್ಪಟೆ. ಮೇಲಂಚಿನಲ್ಲಿ ಇನ್ನೊಂದು ಗುಟ್ಟಿತ್ತು: ಹಗ್ಗವನ್ನು ಬಿಗಿ ಎಳೆದು, ಬಟ್ಟೆಯನ್ನು ಸಡಿಲ ಬಿಟ್ಟು ಹೊಲಿದಿದ್ದರು. ಒಂದು ಮೊಳ ಹಗ್ಗಕ್ಕೆ ಒಂದು ಮೊಳದ ಮೇಲೆ ಎರಡು ಬೆರಳು ಬಟ್ಟೆ.

"ಒಳಗೆ ಬಂದ ಗಾಳಿ ಹಿಂದಿನಿಂದ ಸಲೀಸಾಗಿ ಹೋಗ್ಬೇಕು," ಎಂದರು ತಾಂಡೇಲರು ಮೆಲ್ಲಗೆ. "ಅದಕ್ಕೇ ಹಿಂದೆ ಚಪ್ಪಟೆ ಇಟ್ಟಿದ್ರು. ನಂಗೆ ಇದು ಒಂದಿನಾನೂ ಹೇಳ್ಲಿಲ್ಲ ಮಾವ."

"ನೀವು ಕೇಳಿದ್ರಾ?" ಎಂದಳು ಆಪಾ. ಅವರೊಂದಿಗೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು.

"ಇಲ್ಲ ಅಕ್ಕ."

ಹೊಸ ಹಾಯಿಯ ಹೊಲಿಗೆಗಳನ್ನೆಲ್ಲ ಬಿಚ್ಚಬೇಕಾಯಿತು. ಇನ್ನೊಂದು ತೊಡಕು: ತುದಿಗಳಲ್ಲಿ ಹೆಚ್ಚು ಬಟ್ಟೆ ಒಳಗೆ ಹೋದರೆ ಒಟ್ಟು ಅಗಲ ಕಡಿಮೆಯಾಗುತ್ತದೆ. ಕೂಡಿಸಲು ಬೇರೆ ಬಟ್ಟೆ ಇಲ್ಲ, ಹಳೆಯ ಪಟ್ಟಿಗಳಲ್ಲಿ ಜೀವವಿಲ್ಲ. ತಾಂಡೇಲರು ದಾರ ಹಿಡಿದು ಅಳೆದು ನೋಡಿ, "ಈಗಿನ ಗಾಳಿಗೆ ಸಣ್ಣದೇ ವಾಸಿ. ಹೊಲೀರಿ," ಎಂದರು. ಹಡಗಿನ ಲೆಕ್ಕ ಅವರದು. ಅವರು ಹಗ್ಗ ಹಿಡಿದು ಹೊಲಿದರು, ಆಪಾ ನಡುವಿನ ಪಟ್ಟಿಗಳನ್ನು, ನಾನು ಮುಂದಂಚಿನ ಮತ್ತು ಹಿಂದಂಚಿನ ಕಡೆಯವುಗಳನ್ನು. ಹೊಲಿಗೆಯ ಅಗಲವನ್ನು ಬೆರಳಿಟ್ಟು ಅಳೆಯುತ್ತಿದ್ದುದರಿಂದ ನನ್ನ ಬೆರಳೂ ಅವಳ ಬೆರಳೂ ಒಂದೇ ದಪ್ಪವಲ್ಲ ಎಂದು ಜಗಳವಾಯಿತು. ಕೊನೆಗೆ ಅವಳ ಬೆರಳಿನ ಅಳತೆಗೆ ಒಂದು ಬಿದಿರು ಕಡ್ಡಿ ಕುಯ್ದು ಇಬ್ಬರೂ ಅದನ್ನೇ ಬಳಸಿದೆವು.

ಎರಡನೆಯ ಸಲ ಏರಿಸಿದ ದಿನ ಗಾಳಿ ಸ್ವಲ್ಪ ತಡವಾಗಿ ಬಂತು. ಹಿಂದಿನ ಮೂಲೆಯ ಹಗ್ಗವನ್ನು ಒಂದು ಗೂಟಕ್ಕೆ ಸುತ್ತಿ ತುದಿಯನ್ನು ನಾನು ಹಿಡಿದಿದ್ದೆ. ಹಾಯಿ ಮೊದಲು ಜೋಲಾಡಿತು, ಹಳೆಯ ಬಟ್ಟೆಯಂತೆ ಸುಕ್ಕುಸುಕ್ಕಾಗಿ ಕಂಡಿತು. ಕೆಟ್ಟಿತು ಎಂದುಕೊಂಡೆ. ಆಮೇಲೆ ಅದು ಮುಂದಿನಿಂದ ತುಂಬಿಕೊಳ್ಳುತ್ತಾ ಬಂತು. ಸುಕ್ಕುಗಳು ಒಂದೊಂದಾಗಿ ಮಾಯವಾದವು. ಸದ್ದೇ ಇಲ್ಲ. ಹಿಂದಿನ ಅಂಚು ಕದಲಲಿಲ್ಲ.

ಎಳೆತ ಬಂದದ್ದು ಆಗ. ಗೂಟ ನೆಲದಿಂದ ಕಿತ್ತು ಬಂತು. ಹಗ್ಗ ನನ್ನನ್ನು ಎಳೆದುಕೊಂಡು ಕಣದ ಮೇಲೆ ಹೊರಟಿತು.

"ಬಿಡಿ! ಹಗ್ಗ ಬಿಡಿ ಸಾಹೇಬ್ರೆ!"

ಬಿಡಬೇಕೆಂದು ಗೊತ್ತಿತ್ತು, ಕೈ ಬಿಡಲಿಲ್ಲ. ಮಂಡಿ ತರಚಿ, ಅಂಗೈ ಸುಟ್ಟು, ಕಣದ ಆಚೆ ಅಂಚಿಗೆ ಬಂದ ಮೇಲೆ ಹಗ್ಗ ತಾನೇ ಜಾರಿತು. ಹುಣಸೆಯ ಕೊಂಬೆಯೊಂದು ಸೀಳಿ ಬಿದಿರಿನ ಸಮೇತ ಕೆಳಗೆ ಬಂತು. ಆಪಾ ಓಡಿ ಬಂದಳು. ತಾಂಡೇಲರೂ ಓಡಿದರು, ಆದರೆ ನನ್ನ ಕಡೆಗಲ್ಲ, ಹಾಯಿಯ ಕಡೆಗೆ. ನಾಲ್ಕು ಅಂಚನ್ನೂ ಕೈಯಾಡಿಸಿ ನೋಡಿ, ಎಲ್ಲೂ ಹೊಲಿಗೆ ಬಿಟ್ಟಿಲ್ಲವೆಂದು ಖಚಿತವಾದ ಮೇಲೆ ನನ್ನ ಹತ್ತಿರ ಬಂದು ಅಂಗೈ ನೋಡಿದರು.

"ಇದು ಹೋಗ್ತದೆ," ಎಂದರು.

ಮರುದಿನವೇ ಹಾಯಿಯನ್ನು ಸುತ್ತಿ ಲಾರಿಗೆ ಹಾಕಿದೆವು. ಹಳೆಯದರ ಪಟ್ಟಿಗಳನ್ನೂ ಅವರು ಒಂದೂ ಬಿಡದೆ ಕಟ್ಟಿಕೊಂಡರು. ಸಮುದ್ರ ನೋಡಲು ಬನ್ನಿ ಎಂದು ಕರೆದರು. ಮಳೆಗೆ ಮುಂಚೆ ಕೊಡಬೇಕಾದ ಟಾರ್ಪಾಲುಗಳು ರಾಶಿ ಬಿದ್ದಿದ್ದವು. ಅಂಗೈಗೆ ಬಟ್ಟೆ ಸುತ್ತಿಕೊಂಡು ಆ ಕೆಲಸಕ್ಕೆ ಕೂತೆ.

ಆ ವರ್ಷ ಮಳೆ ಬೇಗನೆ ಹಿಡಿಯಿತು. ಘಟ್ಟದಲ್ಲಿ ಮರ ಬಿದ್ದು ಲಾರಿಗಳ ಓಡಾಟ ನಿಂತಿತು. ಸುದ್ದಿಯಿಲ್ಲ. ಮೊದಮೊದಲು ಆಪಾ ಲಾರಿಯ ಸದ್ದು ಕೇಳಿದಾಗಲೆಲ್ಲ ಯಾರು ಎಂದು ವಿಚಾರಿಸುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ನಾವಿಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಹೊಲಿಗೆಯೊಂದು ಬಿಟ್ಟಿದ್ದರೆ ಅದು ಯಾರದು ಎಂಬ ಮಾತು ಬರುತ್ತಿತ್ತು, ಅದು ಇಬ್ಬರಿಗೂ ಬೇಡವಾಗಿತ್ತು.

ದಾರಿ ತೆರೆದ ಮೇಲೆ ಡ್ರೈವರ್ ಬಂದ. ಗೋಣಿಚೀಲವನ್ನು ತಲೆಯ ಮೇಲಿಂದ ತೆಗೆದು ಹಿಂಡುತ್ತಾ, "ಅಕ್ಕಿ ಬಂತಂತೆ ಸಾಹೇಬ್ರೆ. ಬಂದರು ಮುಚ್ಚೋ ಮುಂಚೆನೇ ಬಂದ್ರಂತೆ," ಎಂದ.

ನಾನು ಕತ್ತರಿ ಕೆಳಗಿಟ್ಟೆ.

"ತಾಂಡೇಲ್ರು ಇನ್ನೊಂದು ಮಾತು ಹೇಳು ಅಂದಿದಾರೆ. ಮುಂದಿನ ಅಂಚಿನ ಹತ್ರ ಒಂದು ಪಟ್ಟಿಗೆ ಹೊಟ್ಟೆ ಜಾಸ್ತಿ ಆಗಿದೆಯಂತೆ. ಎದುರು ಗಾಳಿಗೆ ಹೋಗೋವಾಗ ಅಲ್ಲಿ ಬಟ್ಟೆ ಒಳಕ್ಕೆ ಬೀಳುತ್ತಂತೆ. ಮಳೆಗಾಲ ಕಳೆದ್ಮೇಲೆ ತರ್ತಾರಂತೆ, ಸರಿ ಮಾಡಿ ಕೊಡ್ಬೇಕಂತೆ."

ಮುಂದಂಚಿನ ಪಟ್ಟಿಗಳು ನನ್ನ ಕೈಯವು. ಪರದೆಯ ಹಿಂದೆ ದಬ್ಬಳದ ಸದ್ದು ನಿಂತಿತು.

"ಅಕ್ಕಿ ಏನಾದ್ರೂ ನೆನೀತಾ ಕೇಳು," ಎಂದಳು ಆಪಾ.

"ಇಲ್ಲ ಅಕ್ಕ, ಒಂದು ಮೂಟೆನೂ ನೆನೆದಿಲ್ಲವಂತೆ," ಎಂದ ಡ್ರೈವರ್ ತಾನೇ.

ಆಮೇಲೆ ಮತ್ತೆ ದಬ್ಬಳ ಬಟ್ಟೆಯೊಳಗೆ ಇಳಿಯುವ ಸದ್ದು ಬಂತು.

"ಹಾಗಾದ್ರೆ ಹಾಯಿ ತರೋಕೆ ಹೇಳು," ಎಂದಳು. "ಬಿಚ್ಚೋಣ."